ಜವರಯ್ಯ ಬಿಚ್ಚಿಕೊಟ್ಟ ಜಾಕೆಟ್

ಮೇಟಗಳ್ಳಿಯಲ್ಲಿ ಸ್ಕೂಟರ್ ಅಪಘಾತವಾಗಿದೆಯೆಂದು ಕರೆ ಬಂದಾಗ ಮುಸ್ಸಂಜೆ. ಆಂಬುಲೆನ್ಸ್ ನರ್ಸ್ ಮಧುಶ್ರೀ ಇಳಿದು ನೋಡಿದರೆ, ಬಿದ್ದಿದ್ದ ಹುಡುಗಿಯ ಬಟ್ಟೆಯೆಲ್ಲ ಹರಿದಿತ್ತು. ಸುತ್ತ ಜನ ನಿಂತು ನೋಡುತ್ತಿದ್ದರು. ಡ್ರೈವರ್ ಜವರಯ್ಯ ತನ್ನ ಮಿಂಚುವ ಪಟ್ಟಿಯ ಜಾಕೆಟ್ ಬಿಚ್ಚಿ ಅವಳಿಗೆ ಹೊದಿಸಿದ.

“ಅಣ್ಣಾ, ಹಾಕ್ಕೊಳ್ಳಿ. ಕತ್ತಲಾಗ್ತಿದೆ, ಗಾಡಿಯವರಿಗೆ ನೀವು ಕಾಣಲ್ಲ,” ಎಂದಳು ಮಧುಶ್ರೀ.

“ಇರ್ಲಿ ಬುಡವ್ವ, ಮೊದ್ಲು ಮಗೀನ ಮಾನ,” ಎಂದವನೇ ವಾಹನ ತಡೆಯಲು ರಸ್ತೆಗೆ ಹೋದ. ವೇಗವಾಗಿ ಬಂದ ಲಾರಿಯವನಿಗೆ ಅವನು ಕಾಣಲೇ ಇಲ್ಲ.

ಹುಡುಗಿ ಉಳಿದಳು. ಜವರಯ್ಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಮರುದಿನ ಅವನ ಹೆಂಡತಿ ಚಾಮುಂಡಮ್ಮ ಮಧುಶ್ರೀಯ ಕೈ ಹಿಡಿದು ಕೇಳಿದಳು: “ಆ ಜಾಕೆಟ್ಟ ನಾನೇ ಒಗೆದು ಕೊಟ್ಟಿದ್ದೆ ಕಣವ್ವ. ಯಾಕೆ ಹಾಕ್ಕೊಂಡಿರ್ಲಿಲ್ಲ?”

ಮಧುಶ್ರೀ ನಡೆದದ್ದನ್ನೆಲ್ಲ ಹೇಳಿದಳು. ಚಾಮುಂಡಮ್ಮ, “ಆ ಮಗು ಈಗ ಎಂಗದೆ?” ಎಂದಳು. ಆಮೇಲೆ ಅತ್ತಳು.