ಮೂರು ಹೆಸರಿನ ಎದೆ

ಮೋಸಂಬಿ ವಾಸನೆ, ಯಾರೋ ಸುಲಿಯುತ್ತಿದ್ದಾರೆ, ಎದುರು ಬಾಕಿನ ಮೇಲಿನ ಅಜ್ಜಿಯೇ ಇರಬೇಕು, ಸಿಪ್ಪೆ ಕಿತ್ತಾಗ ಹುಳಿ ಹನಿ ಗಾಳಿಗೆ ಸಿಡಿದು ಮೂಗಿನ ತನಕ ಬಂದಿದೆ, ಅಣವೀರ ಅದನ್ನು ಹಾಗೇ ಒಳಗೆ ಎಳೆದುಕೊಳ್ಳಲು ನೋಡಿದ — ಅರ್ಧಕ್ಕೆ ನಿಂತಿತು. ಮೊದಲು ಹೀಗಿರಲಿಲ್ಲ, ಅಥವಾ ಇತ್ತೋ ಏನೋ, ತನ್ನ ಉಸಿರು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಯಾವ ಗಂಡಸು ಅಳೆದು ನೋಡಿದ್ದಾನೆ, ಮೂರು ವಾರದಿಂದ ಇವನೊಬ್ಬ ಅಳೆಯುತ್ತಿದ್ದಾನೆ, ಮೆಟ್ಟಿಲು ಹತ್ತುವಾಗ, ಹಲ್ಲುಜ್ಜುವಾಗ, ಇವತ್ತು ಬಸ್ಸಿನಲ್ಲಿ ವಾಡಿಯಿಂದ ಚಿತ್ತಾಪುರದ ತನಕ, ಒಳಗೆ, ಹೊರಗೆ, ಒಳಗೆ, ಹೊರಗೆ, ಎಣಿಸುತ್ತ ಹೋದರೆ ಉಸಿರಾಡುವುದೇ ಮರೆತುಹೋದಂತಾಗಿ ಹೆದರಿಕೆ ಇನ್ನಷ್ಟು. ದವಾಖಾನೆಯ ಚೀಟಿಯಲ್ಲಿ ಇಪ್ಪತ್ತಾರನೇ ನಂಬರು, ಒಳಗೆ ಹೋಗಿರುವುದು ಇಪ್ಪತ್ತೊಂದು. ತೊಡೆಯ ಮೇಲೆ ಕಂದು ಬಣ್ಣದ ದೊಡ್ಡ ಲಕೋಟೆ, ಅದರೊಳಗೆ ಎಕ್ಸರೇ, ಮೇಲೆ ನೀಲಿ ಪೆನ್ನಿನಲ್ಲಿ ದೇವೀಂದ್ರಪ್ಪ, ವಯಸ್ಸು ಐವತ್ತೆಂಟು. ಆ ದೇವೀಂದ್ರಪ್ಪ ಪಕ್ಕದಲ್ಲೇ ಕೂತಿದ್ದಾನೆ, ಇವನ ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಅವನೇ, ಅವನ ಆಚೆ ಅವನ ಮಗಳು, ಇವನ ಹೆಂಡತಿ ಜಯಮಾಲಾ, ಅಪ್ಪ ಕೆಮ್ಮಿದಾಗಲೆಲ್ಲ ಬೆನ್ನು ನೀವುತ್ತಾಳೆ, ಮೇಲಿಂದ ಕೆಳಗೆ, ಮೇಲಿಂದ ಕೆಳಗೆ, ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿವೆ. ಅಪ್ಪನಿಗೆ ಕಲ್ಲಿನ ಧೂಳಿನ ರೋಗ ಎಂದು ಅವಳು ನಂಬಿದ್ದಾಳೆ. ಲಕೋಟೆಯೊಳಗಿನ ಎದೆ ಅಪ್ಪನದಲ್ಲ, ಗಂಡನದು, ಇದನ್ನು ಅವಳಿಗೆ ಯಾರೂ ಹೇಳಿಲ್ಲ.

ಹೇಳಬೇಕು, ಒಳಗೆ ಹೋಗುವ ಮೊದಲೇ ಹೇಳಬೇಕು, ಇಲ್ಲದಿದ್ದರೆ ನನ್ನ ಎದೆ ನೋಡಿ ಮಾವನಿಗೆ ಔಷಧ ಕೊಟ್ಟಾರು — ಎಲ್ಲ ಶುರುವಾಗಿದ್ದು ಆ ಗಾಡಿಯಿಂದ, ಎಕ್ಸರೇ ಮಷಿನ್ ಹೊತ್ತ ಬಿಳಿ ಗಾಡಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಕೆಲಸದವರ ಎದೆ ನೋಡಲಿಕ್ಕೆಂದು ಶಹಾಬಾದಿನಲ್ಲಿ ಒಂದೊಂದು ದಿನ ಒಂದೊಂದು ಪಾಲಿಶ್ ಕಾರ್ಖಾನೆಯ ಮುಂದೆ ಬಂದು ನಿಲ್ಲುತ್ತಿತ್ತು. ಪುಕ್ಕಟೆ ತಪಾಸಣೆ, ಒಳ್ಳೆಯದೇ, ಆದರೆ ಮಾವನ ಕಾರ್ಖಾನೆಯ ಮಿಸ್ತ್ರಿ ಚಹಾ ಕುಡಿಯುತ್ತ ಒಂದು ಮಾತು ಬಿಟ್ಟ, ಫೋಟೋದಾಗ ಕಲೆ ಬಂದವರು ಮನಿಯಾಗ ಕುಂದ್ರಬೇಕಾಗ್ತದ ನೋಡ್ರಿ ಅಂತ, ಅಷ್ಟೇ ಸಾಕಾಯಿತು, ಎರಡು ವರ್ಷದಿಂದ ಕೆಮ್ಮುತ್ತಿದ್ದ ಮಾವ ಹೆದರಿದ. ಸಂಜೆ ಜಯಮಾಲಾ ನೀರಿಗೆ ಹೋದ ಹೊತ್ತು ನೋಡಿ ಬಂದು ಕೂತ, ನನ್ನ ಹೆಸರಿಗೆ ನೀ ನಿಂದ್ರಪಾ, ನಿಂದು ಕಾಗಿಣಾ ಹೊಳ್ಯಾಗ ಬೆಳೆದ ಎದಿ. ಆ ಮಾತಿಗೆ ಅಣವೀರ ಉಬ್ಬಿಹೋದ, ಉಬ್ಬದೆ ಏನು, ಹುಟ್ಟೂರು ದಂಡೋತಿಯಲ್ಲಿದ್ದಾಗ ಹೊಳೆಗೆ ಬಿದ್ದ ಕೊಡ, ಯಾರದೋ ಬೆಂಡೋಲೆ, ಒಮ್ಮೆ ಒಂದು ಹೆಣ, ಏನೇ ತಳ ಸೇರಿದರೂ ಜನ ಕೂಗುತ್ತಿದ್ದುದು ಇವನನ್ನೇ, ಮುಳುಗಿದನೆಂದರೆ ದಂಡೆಯ ಮೇಲಿನ ಹೆಂಗಸರು ಹೆದರಿ ಅಳಲು ಶುರುಮಾಡಿದ ಮೇಲೆ ಆರಾಮಾಗಿ ತಲೆ ಎತ್ತುತ್ತಿದ್ದ. ಊಟದ ಬಿಡುವಿನಲ್ಲಿ ಮಾವನ ಕಾರ್ಖಾನೆಗೆ ಹೋಗಿ ಸಾಲಿನಲ್ಲಿ ನಿಂತ, ಐವತ್ತೆಂಟೇನ್ರಿ ಅಂತ ಗಾಡಿಯವನು ಕೇಳಿದ್ದಕ್ಕೆ ಹ್ಞೂಂ ಅಂದ, ತಲೆಗೆ ಟವೆಲ್ಲು, ಮುಖದ ತುಂಬ ಕಲ್ಲಿನ ಹಿಟ್ಟು, ಹುಬ್ಬು ಮೀಸೆ ಎಲ್ಲ ಬಿಳಿ, ಆ ಸಾಲಿನಲ್ಲಿ ಇಪ್ಪತ್ತರವನೂ ಮುದುಕನೇ. ಅಂಗಿ ತೆಗೀರಿ, ಎದಿ ಒತ್ತಿ ನಿಂದ್ರಿ, ಉಸಿರು ಹಿಡೀರಿ. ಹಿಡಿದ. ನಾಲ್ಕು ದಿನ ಬಿಟ್ಟು ಓಣಿಯ ಭೀಮು ಬಂದು ಗೋಗರೆದ, ಅವನಿಗೂ ಕೆಮ್ಮು, ಅವನ ಕಾರ್ಖಾನೆಯಲ್ಲಿ ಅವನ ಹೆಸರಿಗೂ ನಿಂತ, ಆಮೇಲೆ ಕೆಮ್ಮುತ್ತಲೇ ಬಂದ ಸಿದ್ದಲಿಂಗೇಶ, ಅವನ ಹೆಸರಿಗೂ. ಮೂವರೂ ಸೇರಿ ಭಾನುವಾರ ಕೋಳಿ ಕೊಯ್ಸಿ ಉಣಿಸಿದರು, ನಕ್ಕಿದ್ದೇ ನಕ್ಕಿದ್ದು. ಇವನು ಕೆಲಸ ಮಾಡುವ ಕಾರ್ಖಾನೆಗೆ ಆ ಗಾಡಿ ಇನ್ನೂ ಬಂದೇ ಇಲ್ಲ.

ಇಪ್ಪತ್ತೆರಡು, ಬಾಗಿಲು ತೆರೆಯಿತು, ಮುಚ್ಚಿತು, ಮಾವ ಮತ್ತೆ ಕೆಮ್ಮಿದ, ಅವಳ ಕೈ ಬೆನ್ನ ಮೇಲೆ ಇಳಿಯಿತು — ಆಶಾ ಕಾರ್ಯಕರ್ತೆ ಸಾಯಿರಾ ಬಂದು ಮೊದಲ ಲಕೋಟೆ ಕೊಟ್ಟು ಹೋದಾಗ ಮಾವ ನಕ್ಕಿದ್ದ, ಮಷಿನ್ನೇ ಕೆಟ್ಟದ ನೋಡು, ನಿನ್ನ ಎದಿಗೆ ಕಲೆ ಅಂತದ. ಇವನೂ ನಕ್ಕ. ವಾರ ಕಳೆಯುವುದರೊಳಗೆ ಭೀಮುನ ಲಕೋಟೆ ಬಂತು, ಅವನದರಲ್ಲೂ ಅದೇ ಬರಹ, ದೊಡ್ಡ ಡಾಕ್ಟರಿಗೆ ತೋರಿಸಿ. ಒಂದು ಸಲ ಬಂದದ್ದು ಮಷಿನ್ನಿನ ತಪ್ಪು, ಎರಡನೆಯದು ಹೆಸರಿನ ಅದಲುಬದಲು, ಮೂರನೆಯದು ಬಂದಾಗ ಅದಕ್ಕೆ ಏನೆನ್ನಬೇಕು, ಸಿದ್ದಲಿಂಗೇಶ ಲಕೋಟೆ ಹಿಡಿದು ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ, ಇದು ನಿಂದಪಾ, ನೀನೇ ಇಟ್ಕೊ ಅಂದ, ಕಣ್ಣು ಬೇರೆ ಕಡೆ ಇತ್ತು. ಹೆಂಡತಿ ಇಲ್ಲದಾಗ ಮೂರನ್ನೂ ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದ, ನೋಡಬಾರದಿತ್ತು, ಎಡಗಡೆ ಹೆಗಲ ಮುಂದಿನ ಎಲುಬು ಮೂರರಲ್ಲೂ ಸೊಟ್ಟ, ಹನ್ನೊಂದನೇ ವಯಸ್ಸಿನಲ್ಲಿ ಸೇತುವೆಯಿಂದ ಜಿಗಿದು ಮುರಿದುಕೊಂಡದ್ದು, ಇದೇ ಮಾವ ಬಿದಿರಿನ ಚಕ್ಕೆ ಕಟ್ಟಿ ಕೂರಿಸಿದ್ದ, ಸರಿಯಾಗಿ ಕೂರಲಿಲ್ಲ. ಆ ಸೊಟ್ಟ ಎಲುಬಿನ ಕೆಳಗೆ, ಎರಡೂ ಬದಿಗೆ, ರವೆ ಚೆಲ್ಲಿದಂತೆ ಬಿಳಿ ಚುಕ್ಕೆ. ನನ್ನದೇ, ಮೂರೂ ನನ್ನದೇ, ಹಾಗೆಂದುಕೊಂಡವನೇ ಮೂರನ್ನೂ ಲಕೋಟೆಗೆ ತುರುಕತೊಡಗಿದ. ಮಗಳು ಬಂದು ಅಪ್ಪಾ ಇದೇನು ಅಂದಳು, ಏನಿಲ್ಲ ಅಂದ.

ಕೆಮ್ಮೂ ಇಲ್ಲ ನನಗೆ, ಬೀಡಿ ಸೇದಿದವನಲ್ಲ, ಜ್ವರ ಇಲ್ಲ, ಹಾಗಾದರೆ ಹೇಗೆ, ಹೇಗೆಂದರೆ ಒಂಬತ್ತು ವರ್ಷ, ದಿನಕ್ಕೆ ಎಂಟು ತಾಸು, ಕೈಯಲ್ಲಿ ಕಲ್ಲು ಕೊಯ್ಯುವ ಕಟರ್, ಮುಖದ ಮುಂದೆ ಧೂಳು. ಕಟರಿಗೆ ನೀರು ಬಿಡ್ರಿ, ನೀರಿದ್ದರ ಧೂಳು ಏಳಂಗಿಲ್ಲ, ಸಾಯಿರಾ ಕಾರ್ಖಾನೆಗೇ ಬಂದು ಹೇಳಿದ್ದಳಲ್ಲ, ಆದರೆ ನೀರು ಬಿಟ್ಟರೆ ಪರ್ಸಿಯ ಮೇಲೆ ಎಳೆದ ಗುರುತು ಅಳಿಸಿ ಹೋಗುತ್ತದೆ, ಅಳತೆ ತಪ್ಪಿದರೆ ಮಿಸ್ತ್ರಿ ಬೈಯುತ್ತಾನೆ, ಒದ್ದೆ ಕೈಗೆ ಕರೆಂಟು ಹೊಡೆಯುವ ಭಯ ಬೇರೆ, ಹಾಗಾಗಿ ನಲ್ಲಿ ಬಂದ್ ಮಾಡಿ ಒಣಗಿದ್ದನ್ನೇ ಕೊಯ್ಯುವುದು, ಎಲ್ಲರೂ ಹಾಗೇ. ಅವಳು ಹಂಚಿದ ಮಾಸ್ಕು ಮೋಟರ್ ಸೈಕಲ್ಲಿನ ಹ್ಯಾಂಡಲಿಗೆ ನೇತಾಡುತ್ತಿತ್ತು. ಬಾಯಿಗೆ ವಸ್ತ್ರ ಕಟ್ಟಿದರೆ ಆ ಸಣ್ಣ ಧೂಳು ನಿಲ್ಲಂಗಿಲ್ಲ ಅಣ್ಣಾ ಅಂದಳು, ಅದಕ್ಕೇನು ಬೆಲ್ಲ ಅದ ಅಲ್ಲ ಅಂತ ಇವನೇ ಎಲ್ಲರಿಗೂ ಕೇಳುವಂತೆ ಅಂದು ನಗಿಸಿದ್ದ, ಕೆಲಸ ಬಿಟ್ಟ ಕೂಡಲೇ ಒಂದು ಹೆಂಟೆ ಬೆಲ್ಲ ತಿಂದು ನೀರು ಕುಡಿದರೆ ಧೂಳು ಕೆಳಗಿಳಿದು ಹೋಗುತ್ತದೆ, ಇವನಪ್ಪ ಹಾಗೇ ಹೇಳುತ್ತಿದ್ದ, ಬೆಲ್ಲ ಹೊಟ್ಟೆಗೆ ಹೋಗ್ತದ, ಧೂಳು ಪುಪ್ಪುಸಕ್ಕ ಹೋಗ್ತದ, ಎರಡರ ದಾರಿ ಬ್ಯಾರೆ ಅಣ್ಣಾ ಅಂದಳು ಸಾಯಿರಾ, ನಗಲೇ ಇಲ್ಲ. ಒಂಬತ್ತು ವರ್ಷದ ಬೆಲ್ಲ, ಎಲ್ಲ ದಂಡ. ಮತ್ತೆ ಅಂಗಿ, ಸಂಜೆ ಸಂಜೆ ಜಯಮಾಲಾ ಅಂಗಳದಲ್ಲಿ ನಿಂತು ಇವನ ಅಂಗಿ ಝಾಡಿಸುತ್ತಾಳೆ, ಪಟ್ ಪಟ್, ಬಿಳಿ ಮೋಡ ಏಳುತ್ತದೆ, ಮಗಳು ಆ ಮೋಡದೊಳಗೆ ಓಡಾಡಿ ಕೇಕೆ ಹಾಕುತ್ತಾಳೆ — ಬೇಡ, ಅದನ್ನು ಯೋಚಿಸುವುದೇ ಬೇಡ, ಅಷ್ಟರಿಂದ ಏನಾಗುತ್ತದೆ, ಆಗುತ್ತದೋ, ಡಾಕ್ಟರನ್ನು ಕೇಳಬೇಕು, ಕೇಳಲಿಕ್ಕೂ ಹೆದರಿಕೆ.

ಇಪ್ಪತ್ತನಾಲ್ಕು. ಯಾವಾಗ ಇಪ್ಪತ್ತಮೂರು ಹೋಯಿತು. ಒಂದು ವಿಷಯ ಯಾರಿಗೂ ಹೇಳಿಲ್ಲ, ಈ ಸಲದ ಯುಗಾದಿಗೆ ದಂಡೋತಿಗೆ ಹೋದಾಗ ಮುದುಕಿ ಭೀಮಬಾಯಿಯ ತಾಮ್ರದ ಕೊಡ ಮಡುವಿಗೆ ಬಿತ್ತು, ಮುದುಕಿ ಇವನನ್ನು ನೋಡಿದ್ದೇ ಓಡಿ ಬಂದಳು, ನಮ್ಮ ಅಣವೀರ ಬಂದಾನ ಬಿಡು ಅಂತ. ಮುಳುಗಿದ. ಹಸಿರು ನೀರು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಕೆಳಗೆ ಕೊಡದ ಕಂಠ ಮಂಕಾಗಿ ಕಾಣುತ್ತಿತ್ತು, ಇನ್ನೊಂದು ಮಾರು ಅಷ್ಟೇ, ಆಗ ಎದೆ ಒಳಗಿನಿಂದ ಯಾರೋ ಹಿಡಿದು ಹಿಂಡಿದ ಹಾಗಾಯಿತು, ಕೈ ಚಾಚಿದ್ದನ್ನು ಹಾಗೇ ಬಿಟ್ಟು ಕಾಲು ಒದೆದು ಮೇಲೆ ಬಂದ, ಕೊಡ ಸಿಗಲಿಲ್ಲಬೇ, ಹರಿದು ಹೋಗಿರಬೇಕು ಅಂದ. ಬೇಸಿಗೆಯ ನಿಂತ ಮಡುವಿನಲ್ಲಿ ಕೊಡ ಎಲ್ಲಿಗೆ ಹರಿದು ಹೋಗುತ್ತದೆ. ಮುದುಕಿ ನಂಬಿದಳು, ಅದೇ ಇನ್ನೂ ಚುಚ್ಚುತ್ತದೆ. ಅವತ್ತೇ ಗೊತ್ತಿತ್ತು ನನಗೆ, ಗೊತ್ತಿದ್ದೂ ಎದೆಯುಬ್ಬಿಸಿಕೊಂಡು ಮೂವರ ಹೆಸರಿಗೆ ನಿಂತೆ, ಇಲ್ಲ, ಗೊತ್ತಿರಲಿಲ್ಲ, ಹಬ್ಬದ ಹೋಳಿಗೆ ಹೆಚ್ಚಾಗಿದೆ ಅಂದುಕೊಂಡಿದ್ದೆ.

ಮಾವನ ಮನಸ್ಸಿನಲ್ಲಿ ಏನಿದೆ, ದವಾಖಾನೆ ಎಂದರೆ ಮಾರು ದೂರ ಹೋಗುವವನು ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದ. ನಿನ್ನೆ ಕಿಟಕಿಯ ಬೆಳಕಿಗೆ ಫೋಟೋ ಹಿಡಿದು ಬಹಳ ಹೊತ್ತು ನಿಂತಿದ್ದ, ಬೆರಳಿನಿಂದ ಆ ಸೊಟ್ಟ ಎಲುಬಿನ ಮೇಲೆ ಎಳೆದ, ಆಮೇಲೆ ಲಕೋಟೆಗೆ ಹಾಕಿ ಬಾಯಿ ಮಡಚಿ ಇಟ್ಟ. ಅವನ ಎದೆಯ ಫೋಟೋ ಯಾವ ಲಕೋಟೆಯಲ್ಲೂ ಇಲ್ಲ, ಭೀಮುನದಿಲ್ಲ, ಸಿದ್ದಲಿಂಗೇಶನದಿಲ್ಲ, ಕೆಮ್ಮುವ ಮೂವರನ್ನು ಯಾರೂ ನೋಡಲೇ ಇಲ್ಲ, ನಾನು ಅಡ್ಡ ನಿಂತೆ, ಅವರ ಪಾಪವೂ ನನಗೇ. ಹೇಳಿಬಿಡಲೇ, ಜಯಾ, ನಿಮ್ಮಪ್ಪಗ ಏನೂ ಆಗಿಲ್ಲ ಅನ್ನಲೇ, ಅದೂ ಸುಳ್ಳು, ಆಗಿದೆಯೋ ಇಲ್ಲವೋ ಯಾರಿಗೆ ಗೊತ್ತು. ಒಂದು ಅಳು ಕಸಿದು ಇನ್ನೊಂದು ಅಳು ಕೈಗಿಡುವುದು ಹೇಗೆ. ಅವಳು ಇವನ ಕಡೆ ತಿರುಗಿದಳು, ನೀವು ಹೆದರಬ್ಯಾಡ್ರಿ, ಅಪ್ಪಗ ಆರಾಮಾಗ್ತದ, ನೀವ್ಯಾಕ ಹಿಂಗ ಬೆವರ್ಲಿಕತ್ತೀರಿ, ಸೆರಗಿನಿಂದ ಇವನ ಹಣೆ ಒರೆಸಿದಳು, ಮತ್ತೆ ಅಪ್ಪನ ಬೆನ್ನಿಗೆ ಕೈ ಹಾಕಿದಳು, ಮೇಲಿಂದ ಕೆಳಗೆ.

ಇಪ್ಪತ್ತೈದು ಹೊರಗೆ ಬಂದ. ನರ್ಸ್ ಬಾಗಿಲಲ್ಲಿ ನಿಂತು ದೇವೀಂದ್ರಪ್ಪ, ದೇವೀಂದ್ರಪ್ಪ ಯಾರ್ರಿ ಎಂದು ಕೂಗಿದಳು, ಈಗ, ಈಗಲೇ ಹೇಳಬೇಕು, ಜಯಮಾಲಾ ಅಪ್ಪನ ರಟ್ಟೆಗೆ ಕೈ ಕೊಟ್ಟು ಏಳಪ್ಪಾ ಅನ್ನುತ್ತಾಳೆ, ಮಾವ ಏಳುತ್ತಿಲ್ಲ, ಮಗಳ ಕೈ ಬಿಡಿಸಿಕೊಂಡ, ಲಕೋಟೆಯ ಮೇಲೆ ತನ್ನ ಒರಟು ಬೆರಳು ಇಟ್ಟ, ಏಳಪಾ ಅಣವೀರಾ, ನಿನ್ನನ್ನೇ ಕರೀಲಿಕತ್ತಾರ, ಎದಿ ನಿಂದು, ಹೆಸರಷ್ಟೇ ನಂದು, ನಡಿ, ನಿನ್ನ ಹಿಂದ ನಾನೂ ಎದಿ ಫೋಟೋ ತೆಗೆಸ್ತೀನಿ. ನರ್ಸ್ ಇನ್ನೊಮ್ಮೆ ಕೂಗಿದಳು, ಅಣವೀರ ಎದ್ದು ನಿಂತ, ಎದ್ದದ್ದು ಗೊತ್ತಾಗಲಿಲ್ಲ, ಜಯಮಾಲಾ ಅಪ್ಪನನ್ನು ನೋಡಿದಳು, ಇವನನ್ನು ನೋಡಿದಳು, ಕೆಮ್ಮು ಮತ್ತೆ ಬಂತು ಮಾವನಿಗೆ, ಉದ್ದಕ್ಕೆ, ನಿಲ್ಲದ ಹಾಗೆ, ಅವಳ ಕೈ ಅಭ್ಯಾಸಬಲದಿಂದ ಬೆನ್ನಿಗೆ ಹೋಯಿತು, ಅಲ್ಲೇ ನಿಂತಿತು, ಮೇಲೂ ಇಲ್ಲ, ಕೆಳಗೂ ಇಲ್ಲ, ಹಸಿರು ಬಳೆಯ ಕೈ, ಅಪ್ಪನ ಬೆನ್ನ ಮೇಲೆ, ಕಣ್ಣು ಗಂಡನ ಎದೆಯ ಮೇಲೆ.