ಅಲ್ಮಾಳ ಹತ್ತು ಗಂಟೆ

ಅನ್ನ ಇನ್ನೂ ಸುಡುತ್ತಿತ್ತು. ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಲೇ ಮಂಗಳಮ್ಮ ಅದನ್ನು ಕಿವುಚಿದಳು. ಒಂದು ಅಗುಳೂ ಇಡಿಯಾಗಿ ಉಳಿಯಬಾರದು. ಅಲ್ಮಾ ತಿನ್ನುವುದು ಅಲ್ಲಿಯ ಅನ್ನ, ಅಲ್ಲಿಯ ಮೊಸರು. ಆದರೂ ಇಲ್ಲಿ ನುಣ್ಣಗಾಗದಿದ್ದರೆ ಅಲ್ಲಿ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದೇ ಅವಳಿಗೆ ಅನಿಸುತ್ತಿತ್ತು.

ಪಕ್ಕದ ಮನೆಯ ಚೂಡಾಮಣಿ ಒಣಗಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಇಣುಕಿದಳು.

"ಏನ್ ಮಂಗಳಕ್ಕ, ಮೂರು ಗಂಟೆ ಮೇಲೆ ಮೊಸರನ್ನ? ಮಧ್ಯಾಹ್ನದ್ದೋ, ರಾತ್ರೀದೋ?"

"ಬೆಳಗ್ಗೇದು ಕಣೆ."

"ಓ, ನಿಮ್ಮ ಫಾರಿನ್ ಮೊಮ್ಮಗಳದ್ದಾ! ಅಂಗಾದ್ರೆ ನಂಗೂ ಒಂದು ತುತ್ತು ಮಡಗಿರು. ಎರಡೆರಡು ಸಲ ಬೆಳಗಾಗೋದು ನಿಮ್ಮನೇಲಿ ಮಾತ್ರ."

ಮಂಗಳಮ್ಮ ನಕ್ಕಳು. ನಿಜಕ್ಕೂ ಅವಳ ಮನೆಯಲ್ಲಿ ಎರಡು ಗಡಿಯಾರಗಳಿದ್ದವು. ಟಿವಿಯ ಮೇಲಿನದು ಮನೆಯದು. ಒಲೆಯ ಎದುರಿನ ಗೋಡೆಗೆ ತೂಗುಹಾಕಿದ್ದು, ಹಳದಿ ಬಣ್ಣದ್ದು, ಕೋಳಿಮರಿಯ ಚಿತ್ರದ್ದು, ಅಲ್ಮಾಳದು. ಕಾರ್ತಿಕದಲ್ಲಿ ತನ್ನ ಊರಿಗೆ ಹೊರಟ ದಿನ ಅಲ್ಮಾಳ ತಾಯಿ ಮಾರ್ತಾ, ಮಂಗಳಮ್ಮ ಕೆಲಸಕ್ಕಿದ್ದ ಗೋಕುಲಂ ಮನೆಯ ಗೋಡೆಯಿಂದ ಅದನ್ನು ಕಳಚಿ, ಮುಳ್ಳು ತಿರುಗಿಸಿ, ಅವಳ ಕೈಗಿಟ್ಟಿದ್ದಳು. "ಇದು ಪೋರ್ಚುಗಲ್ ಟೈಮ್, ಮಂಗಳಮ್ಮ. ಇದು ನೋಡು, ಅಲ್ಮಾ ಏನು ಮಾಡುತ್ತೆ ಗೊತ್ತಾಗುತ್ತೆ." ಆರು ವರ್ಷ ಮೈಸೂರಲ್ಲಿದ್ದು ಯೋಗ ಕಲಿತವಳು. ಕನ್ನಡ ಮಾತ್ರ ಅಷ್ಟಕ್ಕೇ ನಿಂತಿತ್ತು.

ಗೊತ್ತಾಗುತ್ತಿತ್ತು. ಕೋಳಿಮರಿಯ ಗಡಿಯಾರ ಏಳು ತೋರಿಸಿದರೆ ಅಲ್ಮಾ ಏಳುವ ಹೊತ್ತು. ಎಂಟೂವರೆ ಆದರೆ ಶಾಲೆ. ನಲವತ್ತು ದಿನದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳು ಮಂಗಳಮ್ಮ. ಮಾರ್ತಾ ನಸುಕಿನಲ್ಲೇ ಯೋಗಕ್ಕೆ ಹೋದರೆ ಮಗು ಕಣ್ಣು ಬಿಟ್ಟು ಮೊದಲು ನೋಡುತ್ತಿದ್ದದ್ದು ಇವಳ ಮುಖ. ಹೆತ್ತವಳನ್ನು ಮಮಾ ಎಂದಿತು, ಇವಳನ್ನು ಅವ್ವ ಎಂದಿತು.

ಊರಿಗೆ ಹೋದ ಹೊಸತರಲ್ಲಿ ದಿನಾ ವಿಡಿಯೊ ಕಾಲ್ ಬರುತ್ತಿತ್ತು. ಇಲ್ಲಿ ಮಂಗಳಮ್ಮ ನಡುವೆ ಗುಳಿ ಮಾಡಿದ ಪುಟ್ಟ ತುತ್ತು ಎತ್ತಿ ಫೋನಿನ ಹತ್ತಿರ ಹಿಡಿದರೆ ಅಲ್ಲಿ ಅಲ್ಮಾ ತನ್ನ ಬಟ್ಟಲಿನಿಂದ ಅಷ್ಟೇ ತೆಗೆದು ಬಾಯಿಗಿಡುತ್ತಿದ್ದಳು. ಆಮೇಲೆ ಭಾನುವಾರಕ್ಕೆ ಒಂದೇ ಆಯಿತು. ಕಾಲ್ ಮುಗಿದ ಮೇಲೆ ಮಗು ಸಂಜೆಯವರೆಗೂ ಅಳುತ್ತದೆ, ಶಾಲೆಯಲ್ಲಿ ಯಾರೊಂದಿಗೂ ಬೆರೆಯುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಸಂಕ್ರಾಂತಿ ಕಳೆದ ಮೇಲೆ ಅದನ್ನೂ ನಿಲ್ಲಿಸಿದರು. ಮುಖ ನೋಡಿ ಎರಡು ತಿಂಗಳಾಗಿತ್ತು. ಇವತ್ತು ಒಂದು ಸಲ ನೋಡೋಣ, ಸರಿಹೋದರೆ ತಿಂಗಳಿಗೊಂದು ಕಾಲ್ ಇಟ್ಟುಕೊಳ್ಳೋಣ ಎಂದು ಮಾರ್ತಾ ಹೇಳಿಕಳಿಸಿದ್ದಳು. ಭಾನುವಾರ, ಅಲ್ಮಾಳ ಗಡಿಯಾರದಲ್ಲಿ ಹತ್ತು ಗಂಟೆಗೆ, ಅಂದರೆ ಇಲ್ಲಿಯ ಮೂರೂವರೆಗೆ.

ಹತ್ತಕ್ಕೆ ಐದು ನಿಮಿಷವಿದ್ದಾಗ ದಿವ್ಯ ಬಂದಳು. ಮಂಗಳಮ್ಮನ ಒಬ್ಬಳೇ ಮಗಳು. ಗೋಕುಲಂನ ಯೋಗಶಾಲೆಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೆಲಸ. ಹನ್ನೊಂದು ದೇಶದ ಶಿಷ್ಯರಿಗೆ ಆನ್‌ಲೈನ್ ತರಗತಿ ಅವರವರ ಊರಿನ ಯಾವ ಹೊತ್ತಿಗೆ ಎಂದು ಲೆಕ್ಕ ಹಾಕಿ ತಿಳಿಸುವುದು ಅವಳ ಪಾಲಿಗೆ ಬಂದದ್ದು. ಭಾನುವಾರವೂ ಮೂರರವರೆಗೆ ಇರಬೇಕು. ಮಂಗಳಮ್ಮನದು ಬಟನ್ ಫೋನು; ಅಲ್ಮಾಳ ಕಾಲ್ ಬರುತ್ತಿದ್ದದ್ದು ದಿವ್ಯಳ ಫೋನಿಗೇ.

"ಬೇಗ ತತ್ತಾ, ಬೇಗ," ಎಂದು ಎಡಗೈ ಚಾಚಿದಳು ಮಂಗಳಮ್ಮ. "ಚಪ್ಪಲಿ ಆಮೇಲೆ ಬಿಡುವಂತೆ."

ದಿವ್ಯ ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದಳು. ಹೋಗಿ ಮುಖ ತೊಳೆದುಕೊಂಡಳು. ತುಂಬಾ ಹೊತ್ತು ತೊಳೆದುಕೊಂಡಳು.

ಹತ್ತಾಯಿತು. ಮಂಗಳಮ್ಮ ಸೆರಗು ಸರಿಮಾಡಿಕೊಂಡು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹತ್ತೂ ಐದು. "ಎದ್ದಿರಕ್ಕಿಲ್ಲ, ರಜ ಅಲ್ವಾ," ಎಂದಳು. ಹತ್ತೂ ಹದಿನೈದು. "ಬಟ್ಟೆ ಹಾಕ್ಕೊಳಕ್ಕೆ ಬಲು ಹಟ ಅದು. ಬಲಗೈ ಮೊದಲು ತೂರಿಸಬೇಕು. ಮಾರ್ತಾಮ್ಮನಿಗೆ ಎಲ್ಲಿ ಗೊತ್ತು?" ದಿವ್ಯ ಗೋಡೆಗೊರಗಿ ಕೂತು ಕಾಲಿನ ಉಗುರು ನೋಡುತ್ತಿದ್ದಳು.

"ನೀನೇ ಮಾಡು ಒಂದು ಕಾಲ್."

"ಬೇಡವ್ವ."

"ಮಾಡೇ. ಮರ್ತಿದ್ರೆ ನೆನಪಾಯ್ತದೆ."

ದಿವ್ಯ ಏಳಲಿಲ್ಲ. ಮಂಗಳಮ್ಮ ತಾನೇ ಮುಂದೆ ಬಾಗಿ ಎಡಗೈಯ ಬೆರಳಿನಿಂದ ಅಲ್ಮಾಳ ಫೋಟೋ ಹುಡುಕಿ ಒತ್ತಿದಳು. ಆ ಫೋಟೋದ ಕೆಳಗೆ ನಾಲ್ಕು ಕೆಂಪು ಬಾಣಗಳಿದ್ದವು. ಅವಳಿಗೆ ಇಂಗ್ಲಿಷ್ ಬಾರದು, ಆದರೆ ಕೆಂಪು ಬಾಣ ಗೊತ್ತು. ಯಾರೋ ಕರೆದಿದ್ದಾರೆ, ಇಲ್ಲಿ ಯಾರೂ ಎತ್ತಿಲ್ಲ.

"ಇದು ಯಾವಾಗಿಂದು?"

"ಎರಡೂವರೇದು."

"ನಮ್ಮ ಎರಡೂವರೆನಾ?"

"ಊಂ."

"ಆಗ ಅಲ್ಲಿ ಒಂಬತ್ತಲ್ವಾ?"

"ನಿನ್ನೆವರೆಗೂ ಒಂಬತ್ತು. ಇವತ್ತಿಂದ ಹತ್ತು." ದಿವ್ಯಳ ದನಿ ಯೋಗಶಾಲೆಯಲ್ಲಿ ಯಾರಿಗೋ ವಿವರಿಸುವಂತಿತ್ತು. "ಇವತ್ತು ನಸುಕಲ್ಲಿ ಅಲ್ಲಿ ಎಲ್ಲರೂ ಗಡಿಯಾರಾನ ಒಂದು ಗಂಟೆ ಮುಂದಕ್ಕೆ ತಿರುಗಿಸ್ಕೊಂಡವ್ರೆ. ಬೇಸಿಗೆ ಬಂತು ಅಂತ. ಚಳಿಗಾಲಕ್ಕೆ ವಾಪಸ್ ಹಿಂದಕ್ಕೆ ತಿರುಗಿಸ್ತಾರೆ."

"ಯಾಕೆ?"

"ಸಂಜೆ ಬೆಳಕು ಜಾಸ್ತಿ ಸಿಗಲಿ ಅಂತ."

"ಮುಳ್ಳು ತಿರುಗಿಸಿದ್ರೆ ಬೆಳಕು ಸಿಕ್ತದಾ?" ಎಂದಳು ಮಂಗಳಮ್ಮ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ. ಕೋಳಿಮರಿಯ ಗಡಿಯಾರ ತನ್ನ ಪಾಡಿಗೆ ಹತ್ತೂ ಇಪ್ಪತ್ತು ತೋರಿಸುತ್ತಿತ್ತು. ಅದಕ್ಕೆ ಯಾರೂ ಹೇಳಿರಲಿಲ್ಲ.

ಒತ್ತಿದ ಕಾಲ್ ರಿಂಗಾಗಿ ರಿಂಗಾಗಿ ನಿಂತಿತು. ಕೆಂಪು ಬಾಣಗಳ ಕೆಳಗೆ ಒಂದು ಧ್ವನಿ ಸಂದೇಶವಿತ್ತು. "ಅದು ಹಾಕು," ಎಂದಳು ಮಂಗಳಮ್ಮ.

ಮಾರ್ತಾಳ ದನಿ ಬಂತು. "ಮಂಗಳಮ್ಮ, ಅಲ್ಮಾ ಕಾಯ್ತು. ನಲವತ್ತು ನಿಮಿಷ. ಅನ್ನ ತಣ್ಣಗೆ ಆಯ್ತು." ಆಮೇಲಿನದೆಲ್ಲ ಇಂಗ್ಲಿಷು. ದಿವ್ಯ ನಡುನಡುವೆ ನಿಲ್ಲಿಸುತ್ತ ಹೇಳಿದಳು.

"ಗಡಿಯಾರದ ವಿಷಯ ಅವಳಿಗೂ ಆಮೇಲೆ ಹೊಳೀತಂತೆ. ನಿನ್ನ ತಪ್ಪಲ್ಲ ಅಂತೆ." ಒತ್ತಿದಳು, ಕೇಳಿದಳು, ನಿಲ್ಲಿಸಿದಳು. "ಆದ್ರೆ ಅಲ್ಮಾ ಅಳಲಿಲ್ವಂತೆ. ಅವ್ವ ಬರಲ್ಲ ಅಂತ ತಾನೇ ಅಂದ್ಲಂತೆ. ಚಮಚ ಇಸ್ಕೊಂಡು ಪೂರ್ತಿ ತಿಂದು, ಸೈಕಲ್ ತಗೊಂಡು ಅಕ್ಕಪಕ್ಕದ ಮಕ್ಕಳ ಜೊತೆ ಆಡಕ್ಕೆ ಹೋದ್ಲಂತೆ. ಇದೇ ಮೊದಲ ಸಲ." ದಿವ್ಯ ತಲೆಯೆತ್ತಲಿಲ್ಲ. "ಅದಕ್ಕೆ... ಇದನ್ನ ಇಲ್ಲಿಗೇ ಬಿಡೋಣ ಅಂತಾಳೆ. ತಿಂಗಳು ತಿಂಗಳು ವಿಡಿಯೊ ಕಳಿಸ್ತಾಳಂತೆ. ನೀನು ಯಾವಾಗ ಬೇಕಾದ್ರೂ ನೋಡ್ಕೋಬಹುದು. ಟೈಮ್ ನೋಡ್ಬೇಕಾಗಿಲ್ಲ."

ಮಂಗಳಮ್ಮ ಬಾಗಿಲ ಕಡೆ ನೋಡಿದಳು. ಓಣಿಯಲ್ಲಿ ಯಾರೋ ನೀರಿನ ಕೊಡ ಎಳೆಯುತ್ತಿದ್ದರು.

"ಚಮಚದಲ್ಲಾ?" ಎಂದಳು.

"ಊಂ."

ಕೈಗಂಟಿದ ಅನ್ನ ಒಣಗಿ ಚರ್ಮ ಬಿಗಿಯುತ್ತಿತ್ತು. ಆಗ ಅವಳಿಗೆ ಇನ್ನೊಂದು ಹೊಳೆಯಿತು. ವಾರವಿಡೀ ದಿವ್ಯ ಮನೆಗೆ ತಡವಾಗಿ ಬಂದಿದ್ದಳು. ಎಲ್ಲರಿಗೂ ಮೇಲ್ ಹಾಕಬೇಕು, ಟೈಮ್ ಬದಲಾಗ್ತದೆ ಎಂದು ಗೊಣಗಿಕೊಂಡೇ ಉಂಡಿದ್ದಳು. ಮಂಗಳಮ್ಮ ಅದನ್ನು ಕೇಳಿಸಿಕೊಂಡಿದ್ದಳು. ತನ್ನ ಮನೆಯ ಗೋಡೆಗೂ ಆ ಮಾತು ತಾಗುತ್ತದೆಂದು ತಿಳಿದಿರಲಿಲ್ಲ.

"ನಿಂಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಮರ್ತುಬುಟ್ಟಾ? ಕೆಲಸದ ಗಡಿಬಿಡೀಲಿ?"

ಹೌದು ಎಂದುಬಿಡು ಎಂದು ಕೇಳಿಕೊಳ್ಳುವಂತಿತ್ತು ಆ ಪ್ರಶ್ನೆ. ದಿವ್ಯಳಿಗೆ ಅದು ಅರ್ಥವಾದಂತೆಯೂ ಕಂಡಿತು.

"ಮರೀಲಿಲ್ಲ ಕಣವ್ವ. ಮುನ್ನೂರು ಜನಕ್ಕೆ ಹೇಳ್ದೆ. ನಿಂಗೆ ಹೇಳಕ್ಕೆ ದಿನಾ ಬಾಯಿ ತೆಗೀತಿದ್ದೆ. ಹೇಳ್ಲಿಲ್ಲ. ಎರಡೂವರೆಗೆ ಫೋನು ಬ್ಯಾಗಲ್ಲಿತ್ತು. ಬ್ಯಾಗು ಕಾಲ ಹತ್ರಾನೇ ಇತ್ತು." ಅವಳ ದನಿ ಒಡೆಯಿತು, ಮತ್ತೆ ಕೂಡಿಕೊಂಡಿತು. "ಕಾರ್ತಿಕದಿಂದ ನೋಡ್ತಿದ್ದೀನಿ. ನೀನು ಆ ಗೋಡೆ ನೋಡ್ಕೊಂಡೇ ಉಣ್ತೀಯ. ನಾನು ನಿನ್ನ ಎದುರಿಗೇ ಕೂತಿರ್ತೀನಿ."

ಬಯ್ಯಲು ಬಾಯಿಗೆ ಮಾತು ಬಂದಿತ್ತು. ಕೈ ಎತ್ತಿ ಒಂದು ಬಾರಿಸಿದ್ದರೂ ದಿವ್ಯ ಸುಮ್ಮನಿರುತ್ತಿದ್ದಳು. ಆದರೆ ಮಂಗಳಮ್ಮ ಬೇರೇನೋ ನೆನೆಯಲು ಹೋದಳು. ಗಂಡ ಮರಿಸ್ವಾಮಿ ಸತ್ತಾಗ ದಿವ್ಯಳಿಗೆ ಮೂರು ವರ್ಷ. ಬನ್ನೂರಿನ ಹತ್ತಿರ ಅಜ್ಜಿಯ ಮನೆಯಲ್ಲಿ ಬಿಟ್ಟು, ಗೋಕುಲಂನಲ್ಲಿ ಅಡಿಗೆ ಕೆಲಸಕ್ಕೆ ಸೇರಿದ್ದು. ಮತ್ತೆ ಮಗಳು ಬಂದದ್ದು ಕಾಲೇಜಿಗೆ, ಎರಡು ಜಡೆ ಹಾಕಿಕೊಂಡು, ಕೈಯಲ್ಲಿ ಟ್ರಂಕು ಹಿಡಿದು. ಈ ನಡುವೆ ಆರು ವರ್ಷದ ದಿವ್ಯ ಹೇಗಿದ್ದಳು? ಅಂಗಿ ತೊಡುವಾಗ ಯಾವ ಕೈ ಮೊದಲು ತೂರಿಸುತ್ತಿದ್ದಳು? ಎಷ್ಟು ತಡಕಿದರೂ ಸಿಕ್ಕಲಿಲ್ಲ. ತಡಕಿದಲ್ಲೆಲ್ಲ ಅಲ್ಮಾಳೇ ಸಿಕ್ಕಿದಳು.

ಮಂಗಳಮ್ಮ ಚೊಂಬಿನಿಂದ ನಾಲ್ಕು ಹನಿ ನೀರು ಚಿಮುಕಿಸಿ, ಗಟ್ಟಿಯಾಗಿದ್ದ ಅನ್ನವನ್ನು ಮತ್ತೆ ಕಲಸಿದಳು. ನಿಧಾನವಾಗಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ನಡುವೆ ಸಣ್ಣ ಗುಳಿ ಮಾಡಿದಳು. ಫೋನನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿ, ಕೂತಲ್ಲಿಂದಲೇ ಮುಂದೆ ಬಾಗಿ ತುತ್ತನ್ನು ಮಗಳ ಬಾಯಿಯ ಹತ್ತಿರ ಹಿಡಿದಳು. ಮೊಸರು ಮಣಿಕಟ್ಟಿನಗುಂಟ ಬಳೆಯವರೆಗೆ ಇಳಿಯಿತು.

"ಬಾ," ಎಂದಳು.

ದಿವ್ಯ ಆ ಕೈಯನ್ನು ನೋಡಿದಳು. ಗುಳಿ ಮಾಡಿದ ಆ ಪುಟ್ಟ ತುತ್ತನ್ನು ನೋಡಿದಳು.

"ನಂಗ್ ಬೇಡ," ಎಂದಳು.