ಮೊಣಕಾಲಿನಿಂದ ಕೆಳಗೆ

"ಸ್ವಲ್ಪ ಎಡಕ್ಕೆ ಸಾರ್. ಇನ್ನೂ ಒಂಚೂರು. ಹಾಂ, ಸಾಕು. ಈಗ ನೆಟ್ಟಗಾಯ್ತು," ಎಂದಳು ಹುಲ್ಲಪ್ಪನ ಹೆಂಡತಿ.

ಪ್ರೆಸ್ ಸಾರ್ ಸ್ಟೂಲಿನಿಂದ ಇಳಿದು, ಕೈಗೆ ಮೆತ್ತಿದ್ದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡರು. ಕ್ಯಾಲೆಂಡರು ತೂಗುತ್ತಿದ್ದ ಮೊಳೆಯಲ್ಲಿ ಈಗ ಎರಡಡಿ ಎತ್ತರದ ಫೋಟೋ ಇತ್ತು. ಅದರ ಕೆಳಗೆ ಮರದ ಪೆಟ್ಟಿಗೆಯಲ್ಲಿ, ಫೋಟೋದಲ್ಲಿದ್ದವನೇ ಕಣ್ಣು ಮುಚ್ಚಿ ಮಲಗಿದ್ದ. ಫುಟ್‌ಬಾಲ್ ಕ್ಲಬ್ಬಿನ ಮೈದಾನವನ್ನು ಮೂವತ್ತೊಂದು ವರ್ಷ ನೋಡಿಕೊಂಡವನು. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಬಿಳಿ ಗೆರೆ ಎಳೆಯುವುದು, ಆಟ ಮುಗಿದ ಮೇಲೆ ಬೂಟುಗಳು ಕಿತ್ತುಹಾಕಿದ ಹೆಂಟೆಗಳನ್ನು ಒಂದೊಂದಾಗಿ ಮತ್ತೆ ಕೂರಿಸುವುದು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವನು ಹುಲ್ಲಪ್ಪ, ಕ್ಲಬ್ಬಿನ ಸುದ್ದಿಯನ್ನು ಪತ್ರಿಕೆಗಳಿಗೆ ಕೊಡುವವರು ಪ್ರೆಸ್ ಸಾರ್ ಆದ ಹಾಗೆ.

"ಇವರೊಬ್ಬರೇ ಇರೋ ಫೋಟೋ ಅಂತ ನಮ್ಮನೇಲಿ ಇದೊಂದೇ," ಎಂದಳು ಹೆಂಡತಿ. "ಪೇಪರಲ್ಲಿ ಬಂದಾಗ ಮೊಣಕಾಲಿನ ತನಕ ಇತ್ತು. ನೀವು ಪೂರ್ತಿದೇ ಮಾಡಿಸಿ ತಂದಿದ್ದು ಒಳ್ಳೇದಾಯ್ತು. ಆ ಚಪ್ಪಲಿ ನೋಡಿ ಸಾರ್. ಪಿನ್ನು ಚುಚ್ಚಿಕೊಟ್ಟಿದ್ದು ನಾನೇ. ಆ ನಾಲ್ಕು ತಿಂಗಳು ಸಂಬಳ ಇಲ್ಲ, ಏನಿಲ್ಲ. ನಾನು ಮಾಸ್ಕ್ ಹೊಲಿದು ಮನೆ ನಡೆಸ್ತಿದ್ದೆ. ಹೊಸ ಚಪ್ಪಲಿ ಎಲ್ಲಿಂದ ಬರತ್ತೆ?"

"ಹೌದಮ್ಮ," ಎಂದರು ಪ್ರೆಸ್ ಸಾರ್. ನೋಡಲಿಲ್ಲ. ನೋಡದೆಯೇ ಗೊತ್ತಿತ್ತು: ಎಡಗಾಲು, ರಬ್ಬರ್ ಚಪ್ಪಲಿ, ನೀಲಿ ಪಟ್ಟಿ, ಬಟ್ಟೆ ಪಿನ್ನು. ನಿನ್ನೆ ಸಂಜೆ ಕಂಪ್ಯೂಟರಿನಲ್ಲಿ ಮೂಲ ಫೋಟೋ ಹುಡುಕಿ ತೆಗೆದು, ಅರ್ಧ ಗಂಟೆ ಅದನ್ನೇ ನೋಡುತ್ತ ಕೂತಿದ್ದರು. ಕತ್ತರಿಸಿದ್ದನ್ನು ಕೊಡುವುದೋ, ಪೂರ್ತಿಯದನ್ನು ಕೊಡುವುದೋ? ಪೂರ್ತಿಯದನ್ನು ಕೊಟ್ಟರೆ ಸಾವಿಗೆ ಬರುವ ಕ್ಲಬ್ಬಿನ ಕೆಲಸಗಾರರು ನೋಡುತ್ತಾರೆ. ನೋಡಿದರೆ ಅವರಿಗೇ ತಿಳಿಯುತ್ತದೆ. ತಾನು ಬಾಯಿ ಬಿಡುವ ಪ್ರಮೇಯ ಬರುವುದಿಲ್ಲ. ಹೀಗೆ ಯೋಚಿಸಿ ಪೂರ್ತಿಯದನ್ನೇ ಪ್ರಿಂಟಿಗೆ ಕೊಟ್ಟಿದ್ದರು.

ಆದರೆ ಕ್ಲಬ್ಬಿನವರು ಯಾರೂ ಒಳಗೆ ಬಂದಿರಲಿಲ್ಲ.

ಅಳಿಯ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡ. "ಹನ್ನೊಂದಕ್ಕೆ ಗಾಡಿ ಬರತ್ತೆ ಸಾರ್. ಈ ಓಣಿಗೆ ನುಗ್ಗಲ್ಲ, ದೊಡ್ಡ ರಸ್ತೆ ತನಕ ಹೊತ್ಕೊಂಡೇ ಹೋಗ್ಬೇಕು. ನಾನೊಬ್ಬ, ಪಕ್ಕದ ಮನೆ ಮೇಷ್ಟ್ರೊಬ್ಬರು. ಇನ್ನಿಬ್ಬರು ಬೇಕು. ಮಾವನ ಜೊತೆ ದುಡಿದೋರು ಎದುರಿಗೇ ನಿಂತಿದಾರೆ, ಎರಡು ಸಲ ಕರೆದೆ, ಕಾಲು ಕೀಳ್ತಾ ಇಲ್ಲ. ಏನಾಗಿದೆ ಅವರಿಗೆ?"

"ನಮ್ಮ ಮಗಳ ಮದುವೆಗೂ ಯಾರೂ ಬರಲಿಲ್ಲ," ಎಂದಳು ಹೆಂಡತಿ. "ಯಾಕೆ ಅಂತ ಕೇಳಿದ್ರೆ, ಪಂದ್ಯ ಇತ್ತು ಕಣೇ, ಪುರಸೊತ್ತಿಲ್ಲ ಅಂದ್ರು. ಇವತ್ತೇನು ಪಂದ್ಯ ಇದೆಯಾ ಸಾರ್?"

ಅವಳು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದಳು.

"ಇಲ್ಲಮ್ಮ," ಎಂದರು ಪ್ರೆಸ್ ಸಾರ್. "ನಾನು ಕರೀತೀನಿ."

*

ರೋಗ ಬಂದು ಊರುಗಳೆಲ್ಲ ಬಾಗಿಲು ಹಾಕಿಕೊಂಡ ವರ್ಷ. ಪಂದ್ಯಗಳು ನಿಂತ ಮೂರನೆಯ ವಾರ ಮಾಲೀಕರ ಆದೇಶ ಬಂತು: ಆಟಗಾರರಿಗೆ ಪೂರ್ತಿ ಸಂಬಳ, ಉಳಿದ ನೂರ ಹನ್ನೆರಡು ಮಂದಿಗೆ, ಮೈದಾನ ಮತ್ತೆ ತೆರೆಯುವವರೆಗೆ, ಸಂಬಳವಿಲ್ಲದ ರಜೆ. ಮಾಲೀಕರಿಗೆ ಮೂರು ದೇಶಗಳಲ್ಲಿ ಹೋಟೆಲುಗಳಿದ್ದವು. ಅದೇ ತಿಂಗಳು ಒಬ್ಬ ಹೊಸ ಆಟಗಾರನಿಗೆ ಕೊಟ್ಟ ಮುಂಗಡ, ಆ ನೂರ ಹನ್ನೆರಡು ಮಂದಿಯ ಎರಡು ವರ್ಷದ ಸಂಬಳಕ್ಕೆ ಸಮ ಎಂದು ಪತ್ರಿಕೆಗಳು ಮೊದಲ ಪುಟದಲ್ಲಿ ಬರೆದವು. ಕ್ಲಬ್ಬಿಗೆ ಬರುವ ಮೊದಲು ಪ್ರೆಸ್ ಸಾರ್ ಇಪ್ಪತ್ತು ವರ್ಷ ಪತ್ರಿಕೆಯಲ್ಲೇ ದುಡಿದವರು. ವರದಿಯಲ್ಲಿ ತಪ್ಪು ಹುಡುಕಲು ಕೂತರು. ಸಿಗಲಿಲ್ಲ.

ಅಭಿಮಾನಿಗಳು ರೇಗಿದರು. ಬೇರೆ ಎರಡು ಕ್ಲಬ್ಬುಗಳ ಮಾಲೀಕರು ಬೈಗುಳ ತಾಳಲಾರದೆ ಸಂಬಳ ಕೊಟ್ಟರು. ಇವರ ಮಾಲೀಕರೂ ಪ್ರೆಸ್ ಸಾರ್‌ಗೆ ಫೋನಿನಲ್ಲಿ ಹೇಳಿದ್ದರು: "ಇನ್ನೆರಡು ದಿನ ಹೀಗೇ ಉಗಿದರೆ ಕೊಟ್ಟು ಕೈ ತೊಳ್ಕೊಳ್ಳೋಣ. ಅಷ್ಟರೊಳಗೆ ಏನಾದ್ರೂ ಒಳ್ಳೇದು ಇದ್ದರೆ ಹುಡುಕಿ ನೋಡಿ."

ಮಾರನೆಯ ಬೆಳಿಗ್ಗೆ ಪ್ರೆಸ್ ಸಾರ್ ಖಾಲಿ ಮೈದಾನಕ್ಕೆ ಹೋದರೆ, ನಡುವೆ ಹುಲ್ಲಪ್ಪ ಪೈಪು ಹಿಡಿದು ನೀರು ಬಿಡುತ್ತಿದ್ದ.

"ಏನಪ್ಪಾ, ರಜೆ ಅಲ್ವಾ ನಿಂಗೆ?"

"ನಂಗೆ ರಜೆ ಸಾರ್. ಹುಲ್ಲಿಗೆ ಯಾರು ಕೊಟ್ರು ರಜೆ? ಒಂದು ವಾರ ಬಿಟ್ರೆ ಬೇರಿಗೆ ರೋಗ ಹತ್ಕೊಳ್ಳತ್ತೆ."

"ಬೂಟೆಲ್ಲಿ?"

ಹುಲ್ಲಪ್ಪ ತನ್ನ ಕಾಲು ನೋಡಿಕೊಂಡು ನಕ್ಕ. "ಸ್ಟೋರಿಗೆ ಬೀಗ. ಕೀ ಜೆರ್ಸಿ ಅಕ್ಕನ ಹತ್ರ. ಕೇಳಿದ್ರೆ ಕೊಡ್ತಾಳೆ. ಆದ್ರೆ, ಸಂಬಳ ಇಲ್ದೆ ಯಾಕೋ ಸಾಯ್ತೀಯ ಅಂತ ಜನ್ಮ ಜಾಲಾಡ್ತಾಳೆ. ಅದಕ್ಕೇ ಹಿಂದಿನ ಗೋಡೆ ಹಾರಿ ಬಂದೆ. ಐವತ್ತೈದಕ್ಕೆ ಗೋಡೆ ಹಾರೋದು ಅಂದ್ರೆ ತಮಾಷೆ ಅಲ್ಲ ಸಾರ್, ಸೊಂಟ ಹಿಡ್ಕೊಂಡಿದೆ."

ಎಳೆ ಬಿಸಿಲು ನೀರಿನ ಹನಿಗಳಲ್ಲಿ ಚೆನ್ನಾಗಿ ಬಿದ್ದಿತ್ತು. ಪ್ರೆಸ್ ಸಾರ್ ಫೋಟೋ ತೆಗೆದರು. ಕಚೇರಿಗೆ ಬಂದು ನೋಡಿದರೆ, ಚಪ್ಪಲಿಯೊಂದು ಕಣ್ಣಿಗೆ ಹೊಡೆಯುತ್ತಿತ್ತು. ಮೊಣಕಾಲಿನಿಂದ ಕೆಳಗೆ ಕತ್ತರಿಸಿದರು. ಅಡಿಯಲ್ಲಿ ಬರೆದರು: "ಮನೆಮಗನಿಗೆ ಎಲ್ಲಿಯ ರಜೆ?" ಅಷ್ಟೇ. ಅದರಲ್ಲಿ ಸುಳ್ಳೆಂದು ಹಿಡಿದು ತೋರಿಸುವಂಥದ್ದು ಒಂದಕ್ಷರವೂ ಇರಲಿಲ್ಲ.

ಫೋಟೋ ಊರೂರು ಸುತ್ತಿತು. ಬೈಯುತ್ತಿದ್ದವರ ಬಾಯಿ ಕಟ್ಟಿತು. ಪರವಾಗಿಲ್ಲ, ಕೆಲಸದವರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ ಎಂದರು ಜನ. ಮೂರನೆಯ ದಿನ ಮಾಲೀಕರು ಫೋನು ಮಾಡಿ, "ಭೇಷ್" ಎಂದರು. ಸಂಬಳದ ಮಾತು ಮತ್ತೆ ಎತ್ತಲಿಲ್ಲ.

*

ಎದುರಿನ ಸೈಕಲ್ ರಿಪೇರಿ ಅಂಗಡಿ ಮುಚ್ಚಿತ್ತು. ಅದರ ಕಟ್ಟೆಯ ಮೇಲೆ ಕ್ಲಬ್ಬಿನ ಮೂವರು ಕೂತಿದ್ದರು. ಜೆರ್ಸಿ ಅಕ್ಕ ಆಟಗಾರರ ಬಟ್ಟೆ ಒಗೆದು ಮಡಿಸಿಡುವವಳು, ಸ್ಟೋರಿನ ಬೀಗದ ಕೈಯೂ ಅವಳದೇ. ಒಮ್ಮೆ ಬೈಯಲು ಶುರುಮಾಡಿದರೆ ಕ್ಯಾಪ್ಟನ್ನೂ ಕೈಕಟ್ಟಿ ನಿಲ್ಲುತ್ತಿದ್ದ. ಅವಳ ಪಕ್ಕ ಕಾವಲಿನ ಗೇಟ್ ಮಾವ. ಕಂಬಕ್ಕೆ ಒರಗಿದ್ದವನು ತಂಡದ ಬಸ್ಸಿನ ಡ್ರೈವರು.

"ಬನ್ನಿ ಸಾರ್, ಬನ್ನಿ," ಎಂದ ಗೇಟ್ ಮಾವ. "ಮಾಲೀಕರು ಎಷ್ಟೊತ್ತಿಗೆ ಬರ್ತಾರೆ? ಹೋಗಿರೋದು ಅವರ ಮನೆಮಗ ಅಲ್ವಾ?"

"ಸತ್ತವರ ಮನೆ ಮುಂದೆ ನಾಲಿಗೆ ಬಿಗಿ ಹಿಡ್ಕೋ," ಎಂದಳು ಅಕ್ಕ. "ಸಾವಿಗೆ ಬಂದಿದೀವಿ, ನೋಡ್ಕೊಂಡು ಹೋಗೋಣ."

"ಬೀದಿಗೆ ಬಂದಿದೀವಿ ಅಕ್ಕ, ಸಾವಿಗಲ್ಲ," ಎಂದ ಡ್ರೈವರ್.

"ಒಳಗೆ ಬನ್ನಿ. ಹೊರೋಕೆ ಇಬ್ಬರು ಕಮ್ಮಿ ಇದಾರೆ," ಎಂದರು ಪ್ರೆಸ್ ಸಾರ್.

"ಆ ನಾಲ್ಕು ತಿಂಗಳು ನನ್ನ ಮನೇಲಿ ಒಲೆ ಹೇಗೆ ಉರೀತು ಗೊತ್ತಾ ಸಾರ್?" ಎಂದ ಡ್ರೈವರ್. " ಹೆಂಡ್ತಿ ಬಳೆ ಮಾರ್ದೆ. ಮಾರಿದ ದಿನಾನೇ ಪೇಪರ್ ತೆಗೆದ್ರೆ, ಇವನು ನೀರು ಬಿಡ್ತಾ ನಿಂತಿದಾನೆ, ಮದುಮಗನ ಹಾಗೆ! ಆಮೇಲೆ ನನ್ನ ಹತ್ರ ಬಂದು, ನಂಗೂ ಬರಲಿಲ್ಲ ಕಣೋ ಅಂತಾನೆ. ಕಿವಿ ಮೇಲೆ ಹೂ ಇಡೋದಕ್ಕೂ ಒಂದು ಮಿತಿ ಬೇಡ್ವಾ?"

"ನೂರ ಹನ್ನೆರಡು ಜನದಲ್ಲಿ ಒಬ್ಬನಿಗೆ ಮಾತ್ರ ತಟ್ಟೆ ಹಾಕಿದ್ರು," ಎಂದ ಗೇಟ್ ಮಾವ. "ಉಣ್ಣಲಿ. ಉಂಡೇ ಇಲ್ಲ ಅನ್ನಬಾರದು."

ಪ್ರೆಸ್ ಸಾರ್ ಮನೆಯ ಬಾಗಿಲ ಕಡೆ ಕೈ ತೋರಿಸಿದರು. "ಒಳಗೆ ಫೋಟೋ ಇದೆ. ಒಂದ್ಸಲ ಅದನ್ನ ನೋಡಿ. ಸಾಕು."

"ನೋಡಿದೀವಲ್ಲ ಸಾರ್. ಊರೆಲ್ಲ ನೋಡಿದೆ," ಎಂದ ಗೇಟ್ ಮಾವ.

ಓಣಿಯ ಆ ತುದಿಯಲ್ಲಿ ಗಾಡಿಯ ಹಾರನ್ ಒಮ್ಮೆ ಕೂಗಿತು.

*

ಹುಲ್ಲಪ್ಪ ಅವರ ಕಚೇರಿಗೆ ಬಂದದ್ದು ಒಂದೇ ಸಲ. ಮಗಳ ಮದುವೆಯಾದ ಮಾರನೆಯ ದಿನ. ಬೂಟಿನ ಮಣ್ಣು ಒಳಗೆ ಬೀಳಬಾರದೆಂದು ಹೊಸ್ತಿಲಾಚೆಯೇ ನಿಂತ.

"ಸಾರ್, ಒಂದು ಉಪಕಾರ ಆಗ್ಬೇಕು. ನಂಗೆ ಸಂಬಳ ಬಂದಿತ್ತು ಅಂತ ಎಲ್ಲರೂ ತಿಳ್ಕೊಂಡಿದಾರೆ. ನಾನು ಹೇಳಿದ್ರೆ ಯಾರೂ ನಂಬಲ್ಲ. ನೀವು ಒಂದು ಮಾತು ಹೇಳಿದ್ರೆ ನಂಬ್ತಾರೆ. ನಿನ್ನೆ ಒಬ್ಬರೂ ಬರಲಿಲ್ಲ ಸಾರ್. ಮೂರು ಬೆಂಚು ಅವರಿಗೇಂತ ಹಾಕ್ಸಿದ್ದೆ. ಖಾಲಿ ಇದ್ವು."

ಪ್ರೆಸ್ ಸಾರ್ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದರು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದರು. "ಈಗ ಬೇಡಪ್ಪ. ಈಗ ಹೇಳಿದ್ರೆ ಪೇಪರಿನವರಿಗೆ ಹೋಗತ್ತೆ. ಸೀಸನ್ ಮುಗೀಲಿ, ನಾನೇ ಕರೆದು ಹೇಳ್ತೀನಿ."

"ಆಗ್ಲಿ ಸಾರ್," ಎಂದ ಹುಲ್ಲಪ್ಪ. ಲಡ್ಡಿನ ಪೊಟ್ಟಣವನ್ನು ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟು ಹೋದ.

ಮತ್ತೆ ಕೇಳಲಿಲ್ಲ. ಪ್ರತಿ ಸೀಸನ್ನಿನ ಕೊನೆಯ ದಿನ ಗೋಲಿನ ಬಲೆ ಬಿಚ್ಚುವಾಗ ಮಾತ್ರ, ಒಮ್ಮೆ ತಲೆಯೆತ್ತಿ ಕಚೇರಿಯ ಕಿಟಕಿಯ ಕಡೆ ನೋಡುತ್ತಿದ್ದ. ಪ್ರೆಸ್ ಸಾರ್ ಆ ದಿನ ಪರದೆ ಎಳೆದುಕೊಳ್ಳುತ್ತಿದ್ದರು. ಐದು ಸೀಸನ್ ಮುಗಿದವು.

*

"ಅವನಿಗೆ ಸಂಬಳ ಬಂದಿರಲಿಲ್ಲ," ಎಂದರು ಪ್ರೆಸ್ ಸಾರ್.

ಡ್ರೈವರ್ ಕಂಬ ಬಿಟ್ಟು ಎದ್ದು ನಿಂತ. "ಏನಂದ್ರಿ?"

"ಹುಲ್ಲಪ್ಪನಿಗೆ. ಒಂದು ಕಾಸೂ ಬರಲಿಲ್ಲ. ನಿಮ್ಮ ಹಾಗೇ ಅವನಿಗೂ ರಜೆ. ಗೋಡೆ ಹಾರಿ ಬಂದು ಸುಮ್ನೆ ಕೆಲಸ ಮಾಡ್ತಿದ್ದ. ಹುಲ್ಲು ಸಾಯತ್ತೆ ಅಂತ."

ಜೆರ್ಸಿ ಅಕ್ಕ ಕೇಳಿದಳು: "ನಿಮಗೆ ಯಾವಾಗ ಗೊತ್ತಾಯ್ತು?"

ಪತ್ರಿಕೆಯಲ್ಲಿದ್ದಾಗ ತಾವೂ ಮೊದಲು ಕೇಳುತ್ತಿದ್ದ ಪ್ರಶ್ನೆ ಅದೇ ಎಂದು ಪ್ರೆಸ್ ಸಾರ್‌ಗೆ ನೆನಪಾಯಿತು.

"ಫೋಟೋ ತೆಗೆಯೋವಾಗಲೇ ಗೊತ್ತಿತ್ತು."

ಇನ್ನೊಂದು ಮಾತೂ ಇತ್ತು. ಫೋಟೋ ಎರಡು ದಿನ ತಡವಾಗಿದ್ದರೆ ನಿಮಗೆಲ್ಲ ಸಂಬಳ ಬರುತ್ತಿತ್ತು ಎಂಬ ಮಾತು. ಅದನ್ನು ಅವರು ಹೇಳಲಿಲ್ಲ.

ಡ್ರೈವರ್ ಒಂದು ಹೆಜ್ಜೆ ಮುಂದಿಟ್ಟ. ಹೊಡೆಯುತ್ತಾನೆ ಎಂದುಕೊಂಡರು ಪ್ರೆಸ್ ಸಾರ್. ಹೊಡೆದರೆ ಒಳ್ಳೆಯದೆಂದೂ ಅನ್ನಿಸಿತು. ಡ್ರೈವರ್ ಅವರನ್ನು ದಾಟಿಕೊಂಡು, ಓಣಿ ದಾಟಿ ಒಳಗೆ ಹೋದ. ಅವನ ಹಿಂದೆ ಗೇಟ್ ಮಾವ. ಜೆರ್ಸಿ ಅಕ್ಕ ಮಂಡಿ ಹಿಡಿದುಕೊಂಡು ನಿಧಾನ ಎದ್ದಳು. ಪ್ರೆಸ್ ಸಾರ್ ಕೈ ಕೊಡಲು ಹೋದರು. ಅವಳು ಕಟ್ಟೆಯನ್ನೇ ಹಿಡಿದು ಇಳಿದಳು.

ಒಳಗೆ ಅವಳು ಪೆಟ್ಟಿಗೆಯ ಕಡೆ ನೋಡಲಿಲ್ಲ, ಮೊದಲು ಗೋಡೆ ನೋಡಿದಳು. ಮುಖ, ಪೈಪು, ನೀರು. ಕಣ್ಣು ಕೆಳಗಿಳಿಯಿತು.

"ಬೂಟಿಲ್ಲ," ಎಂದಳು.

"ಅಕ್ಕಾ, ಬಂದ್ರಾ?" ಎಂದಳು ಹುಲ್ಲಪ್ಪನ ಹೆಂಡತಿ. "ಇವರ ಬಾಯಲ್ಲಿ ದಿನಾ ನಿಮ್ಮ ಮಾತೇ."

ಅಕ್ಕ ನೆಲಕ್ಕೆ ಕುಸಿದು, ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. "ಬೂಟಿನ ಕೀ ನನ್ನ ಹತ್ರ ಇತ್ತಲ್ಲೋ. ಆ ನಾಲ್ಕು ತಿಂಗಳು ಬೀಗ ತೆಗೆದೇ ಇಲ್ಲ ನಾನು. ಸಂಬಳದವನಾಗಿದ್ರೆ ಬೂಟು ಕೇಳ್ತಿರಲಿಲ್ವಾ ಅಂತ ಈ ಮಂಕು ತಲೆಗೆ ಹೊಳೀಲಿಲ್ಲ. ದಡ್ಡ, ಕೇಳ್ಬಾರ್ದಿತ್ತಾ? ಬೈದಿದ್ರೂ ಕೊಡ್ತಿದ್ನಲ್ಲೋ."

ಹೆಂಡತಿ ಗಾಬರಿಯಿಂದ ಎಲ್ಲರ ಮುಖ ನೋಡಿದಳು. ಅವಳಿಗೆ ಯಾರೂ ಏನೂ ವಿವರಿಸಲಿಲ್ಲ. ಹಾರನ್ ಮತ್ತೆ ಕೂಗಿತು.

ಪೆಟ್ಟಿಗೆ ಎತ್ತುವಾಗ ಪ್ರೆಸ್ ಸಾರ್ ಮುಂದೆ ಬಂದು ಭುಜ ಕೊಡಲು ಬಗ್ಗಿದರು.

"ಆಯ್ತು ಸಾರ್," ಎಂದ ಡ್ರೈವರ್, ಅವರ ಕಡೆ ನೋಡದೆ. "ನಾಲ್ಕು ಜನ ಆಯ್ತು."

"ನೀವು ಫೋಟೋ ಹಿಡ್ಕೊಳ್ಳಿ ಸಾರ್," ಎಂದಳು ಹೆಂಡತಿ. "ನೀವೇ ತೆಗೆದಿದ್ದಲ್ವಾ."

ಪ್ರೆಸ್ ಸಾರ್ ಮತ್ತೆ ಸ್ಟೂಲು ಹತ್ತಿ ಫೋಟೋ ಇಳಿಸಿಕೊಂಡರು. ಮರದ ಚೌಕಟ್ಟು, ದಪ್ಪ ಗಾಜು. ನೋಡಿದ್ದಕ್ಕಿಂತ ಭಾರ ಹೆಚ್ಚು. ಎದೆಗೆ ಆನಿಸಿ, ಎರಡೂ ಅಂಗೈಗಳನ್ನು ಅಡಿಗೆ ಕೊಟ್ಟು, ಬೆರಳುಗಳನ್ನು ಗಾಜಿನ ಮೇಲೆ ಮಡಿಚಿ ಮುಂದೆ ನಡೆದರು. ಹಿಂದೆ ನಾಲ್ವರ ಹೆಜ್ಜೆ. ಓಣಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು.

ಇಪ್ಪತ್ತು ಹೆಜ್ಜೆ ಹೋಗಿರಬಹುದು. ಜೆರ್ಸಿ ಅಕ್ಕ ಬಿರಬಿರನೆ ಬಂದು ಅವರ ಪಕ್ಕ ಸೇರಿಕೊಂಡಳು.

"ಕೈ ತೆಗೀರಿ ಸಾರ್."

"ಏನು?"

"ಕಾಲು ಮುಚ್ಚಿದೀರಿ."

ಪ್ರೆಸ್ ಸಾರ್ ಬಗ್ಗಿ ನೋಡಿದರು. ಅವರ ಎಂಟು ಬೆರಳುಗಳು ಸರಿಯಾಗಿ ಮೊಣಕಾಲಿನಿಂದ ಕೆಳಗಿದ್ದವು. ಒಂದೊಂದಾಗಿ ಬಿಡಿಸಿ, ಕೈಗಳನ್ನು ಚೌಕಟ್ಟಿನ ಪಕ್ಕಗಳಿಗೆ ಸರಿಸಿದರು. ಅಡಿಯ ಆಸರೆ ತಪ್ಪಿದ್ದೇ ಭಾರವೆಲ್ಲ ಬೆರಳ ತುದಿಗೆ ಬಂದು, ಫೋಟೋ ಜಾರತೊಡಗಿತು. ಅವರು ಇನ್ನೂ ಬಿಗಿಯಾಗಿ ಒತ್ತಿ ಹಿಡಿದರು. ದೊಡ್ಡ ರಸ್ತೆ ಇನ್ನೂ ಅರ್ಧ ಓಣಿಯಾಚೆ ಇತ್ತು. ಬಿಸಿಲಿಗೆ ಗಾಜಿನಡಿಯಲ್ಲಿ ಆ ಪಿನ್ನು ಎಲ್ಲರಿಗೂ ಕಾಣುವಂತೆ ಹೊಳೆಯುತ್ತಿತ್ತು.